ಎಫ್‌ಟಿಪಿಯಲ್ಲಿ ಪಾಠ ಕಳುಹಿಸಿದ ಖೈರುನ್ನಿಸಾ ಮೇಡಂ

ದೃಷ್ಟಿಹೀನ ವಿದ್ಯಾರ್ಥಿಗಳಿಗೆ ಪಠ್ಯಪುಸ್ತಕಗಳನ್ನು ಧ್ವನಿರೂಪದಲ್ಲಿ ಒದಗಿಸುವ ಕಾರ್ಯದಲ್ಲಿ, ಈ ತಿಂಗಳು ನಿವೃತ್ತರಾಗುತ್ತಿರುವ ಶ್ರೀಮತಿ ಖೈರುನ್ನಿಸಾ ಅವರದು ಮಂಗಳೂರಿನಲ್ಲಿ ಮೊದಲ ಸಾಲಿನ ಹೆಸರು. ತೊಕ್ಕೊಟ್ಟಿನ ವ್ಯಾಪಾರಿ ಮನೆತನದಲ್ಲಿ ಹುಟ್ಟಿಯೂ ಗಲ್ಲಾಪೆಟ್ಟಿಗೆಗಿಂತ ಕಂಪ್ಯೂಟರನ್ನೇ ಮೆಚ್ಚಿಕೊಂಡ ಅವರು ಕೊಟ್ಟಾರದ ಶ್ರುತಿದೀಪ ಧ್ವನಿ ಗ್ರಂಥಾಲಯಕ್ಕೆ ಬಂದಾಗ, ಪಾಠಗಳು ಸಿ.ಡಿ.ಗಳಲ್ಲಿ ಅಂಚೆಯ ಮೂಲಕ ಹೋಗುತ್ತಿದ್ದವು. ಎಷ್ಟೋ ದಾರಿಯಲ್ಲೇ ಒಡೆಯುತ್ತಿದ್ದವು. ಧ್ವನಿಯ ಫೈಲುಗಳನ್ನು ಅಂತರ್ಜಾಲದಲ್ಲಿ ಕಡತ ಸಾಗಿಸುವ ಎಫ್‌ಟಿಪಿಯ ಮೂಲಕ ನೇರ ಸರ್ವರಿಗೆ ಏರಿಸುವ, ಅಲ್ಲಿಂದ ಮಕ್ಕಳು ಮೊಬೈಲಿಗೆ ಇಳಿಸಿಕೊಳ್ಳುವ ವ್ಯವಸ್ಥೆ ಮಾಡಿದವರು ಅವರೇ. ಏರಿಸಿದರೂ ಅವರಿಗೆ ಸಮಾಧಾನವಿಲ್ಲ. ಒಬ್ಬ ವಿದ್ಯಾರ್ಥಿಗೆ ಫೋನು ಮಾಡಿ, "ಸರಿ ಕೇಳ್ತದಾ ಮಾರಾಯ?" ಎಂದು ವಿಚಾರಿಸಿ, ಆತ ಹೂಂ ಎಂದ ಮೇಲೆಯೇ ಕಚೇರಿಯ ಪ್ರತಿಯನ್ನು ಅಳಿಸಬೇಕೆಂಬುದು ಅವರ ಕಟ್ಟಪ್ಪಣೆ.

ಅವರ ವಿಭಾಗದ ಸಹಾಯಕಿ ಸಂಚಿತಾ ಈ ಅಪ್ಪಣೆಯನ್ನು ಮೀರಿದ್ದು ಸೇರಿದ ವರ್ಷವೇ, ಕೆಲಸ ಇನ್ನೂ ಕಾಯಂ ಆಗುವ ಮೊದಲು. ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರವಿತ್ತು. ಇತಿಹಾಸದ ಪಾಠಗಳನ್ನು ಏರಿಸಿ, ಕೆಲಸ ಮುಗಿಯಿತೆಂದು ಪರದೆ ಹೇಳಿದ್ದೇ ತಡ, ಜಾಗ ಸಾಲದ ಕಂಪ್ಯೂಟರಿನಿಂದ ಮೂಲವನ್ನು ಅಳಿಸಿಬಿಟ್ಟಳು. ಆದರೆ ಅವಸರದಲ್ಲಿ ಧ್ವನಿಯ ಫೈಲುಗಳನ್ನು ಬರಹದ ಫೈಲುಗಳಿಗೆ ಮೀಸಲಾದ ಕ್ರಮದಲ್ಲಿ ಕಳುಹಿಸಿದ್ದಳು. ಹಾಗೆ ಹೋದ ಫೈಲು ತಲುಪುವುದೇನೋ ತಲುಪುತ್ತದೆ, ಒಳಗೆ ಕೆಟ್ಟಿರುತ್ತದೆ. ಪಣಂಬೂರಿನ ವಿದ್ಯಾರ್ಥಿ ಬಾಸಿಲ್ ಖೈರುನ್ನಿಸಾ ಅವರಿಗೆ ಫೋನು ಮಾಡಿದ: "ಎಂತ ಇದು ಮೇಡಂ? ಬರೀ ಗರಗರ ಉಂಟು."

ಕಾರ್ಯದರ್ಶಿ ಲೋಕನಾಥರು ಕೆಂಡಾಮಂಡಲವಾಗಿ, ತಪ್ಪು ಯಾರದೆಂದು ಕೇಳಿದರು. ಕೆಲಸ ಹೋಯಿತೆಂದೇ ಸಂಚಿತಾ ಭಾವಿಸಿದಳು. ಮೇಡಂ ಮುಂದೆ ಬಂದರು.

"ನನ್ನ ವಿಭಾಗದ್ದು, ಹಾಗಾಗಿ ನನ್ನದೇ. ಬೈಯುವುದನ್ನು ಪರೀಕ್ಷೆ ಮುಗಿದ ಮೇಲೆ ಇಟ್ಟುಕೊಳ್ಳಿ ಸಾರ್. ಈಗ ನಿಮಗೂ ಒಂದು ಪಾಠ ಓದ್ಲಿಕ್ಕೆ ಉಂಟು."

ಬೈಯಲು ಬಂದವರೇ ಮೈಕಿನ ಮುಂದೆ ಕುಳಿತರು! ಮೂಲ ಅಳಿಸಿಹೋಗಿದ್ದರಿಂದ ಪಾಠಗಳನ್ನೆಲ್ಲ ಹೊಸದಾಗಿ ಧ್ವನಿಮುದ್ರಿಸಬೇಕಿತ್ತು; ಎಲ್ಲರೂ ಸರದಿಯಲ್ಲಿ ಓದಿದರು. ಹೆಚ್ಚಿನ ಪಾಠಗಳನ್ನು ಮೇಡಂ ಅವರೇ, ಗಂಟಲು ಕಟ್ಟುವ ತನಕ ಓದಿದರು.

ಏರಿಸುವ ಹೊತ್ತು ಬಂದಾಗ ಸಂಚಿತಾ ಕುರ್ಚಿ ಬಿಟ್ಟು ದೂರ ಸರಿದಳು.

"ಎಂತ ನಿಂತದ್ದು? ನೀನೇ ಕಳಿಸು," ಎಂದ ಮೇಡಂ ಬೆನ್ನ ಹಿಂದೆ ಕಾವಲು ನಿಲ್ಲಲೂ ಇಲ್ಲ, ಚಾ ಕುಡಿಯಲು ಹೊರಟುಹೋದರು. ಸಂಚಿತಾ ಕ್ರಮ ಸರಿಪಡಿಸಿ ಕಳುಹಿಸಿದಳು, ಬಾಸಿಲ್‌ಗೆ ಫೋನು ಮಾಡಿದಳು.

"ಈಗ ಸರಿ ಕೇಳ್ತದೆ ಅಕ್ಕ. ಮೇಡಂಗೆ ಶೀತವಾ ಎಂತ?" ಎಂದ ಅವನು. ಅವಳಿಗೆ ಅಳು ಬಂದದ್ದು ಆಗ.

ಮುಂದೆ ಅವಳ ಕೆಲಸ ಕಾಯಂ ಆಯಿತು. ಇನ್ನು ವಿಭಾಗವೇ ಅವಳ ಕೈಗೆ ಬರುತ್ತಿದೆ. ಅಂದು ಮೇಡಂ ತನ್ನನ್ನು ಮತ್ತೆ ಕೂರಿಸಿದ ಆ ಕುರ್ಚಿಯ ಋಣವನ್ನು ತೀರಿಸಲಾರೆನೆಂದು ಅವಳು ಎಲ್ಲರೆದುರೂ ಹೇಳುತ್ತಾಳೆ. ಖೈರುನ್ನಿಸಾ ಅವರಿಗೆ ಆಯುಷ್ಯವೂ ಆರೋಗ್ಯವೂ ಧಾರಾಳವಾಗಿ ಒದಗಲಿ, ನಿವೃತ್ತರಿಗೆ ಮೈಕು ಕೊಡಬಾರದೆಂಬ ನಿಯಮವಂತೂ ನಮ್ಮಲ್ಲಿಲ್ಲ. ಅವರು ಓದುತ್ತಿರಲಿ, ಮಕ್ಕಳಿಗೆ ತಲುಪಿಸುವ ಹೊಣೆ ಸಂಚಿತಾಳದು.