ಪಂಚ ಎರ್ರೆಪ್ಪನ ಸೀಟಿ

ಬಳ್ಳಾರಿ, ಸಿರುಗುಪ್ಪ, ಕುರುಗೋಡು, ಎಲ್ಲಿ ಕುಸ್ತಿ ನಡೆದರೂ ತೀರ್ಪು ಹೇಳುವ ಪಂಚ ಎಂದರೆ ಕೌಲ್ ಬಜಾರಿನ ಎರ್ರೆಪ್ಪನೇ, ಪೈಲ್ವಾನರಿಗಿಂತ ಹೆಚ್ಚು ಬೈಗುಳ ತಿನ್ನುವವನೂ ಅವನೇ. ಹೊಸ ಪಂಚರು ಮೇಲಿದ್ದವನ ಪಟ್ಟು ನೋಡುತ್ತಾರೆ. ಅನುಭವಸ್ಥನಾದ ಎರ್ರೆಪ್ಪ ನೋಡುವುದು ಕೆಳಗೆ ಸಿಕ್ಕವನ ಬೆರಳುಗಳನ್ನು. ಕುತ್ತಿಗೆ ಒತ್ತಿ ಉಸಿರು ಕಟ್ಟಿದರೂ ಸೋತೆನೆಂದು ನೆಲ ಬಡಿಯುವ ಪೈಲ್ವಾನ ಈ ಸೀಮೆಯಲ್ಲಿ ಹುಟ್ಟಿಲ್ಲ. ಬಡಿದರೆ ಊರಿಗೆ ಮುಖ ತೋರಿಸುವಂತಿಲ್ಲ. ಹಾಗಾಗಿ ಬೆರಳು ಸಡಿಲವಾದ ಕೂಡಲೇ ಎರ್ರೆಪ್ಪ ಸೀಟಿ ಊದಿ, “ಲಂಗೋಟಿ ಬಿಚ್ಚೈತಿ, ಬಿಗಿ ಮಾಡ್ಕೊಳ್ರಿ” ಎಂದು ಇಬ್ಬರನ್ನೂ ಬಿಡಿಸುತ್ತಾನೆ. ಲಂಗೋಟಿ ಬಿಚ್ಚಿರುವುದಿಲ್ಲ. “ಏ ಎರ್ರೆಪ್ಪ, ನೀ ಪಂಚನೋ ದರ್ಜಿಯೋ?” ಎಂದು ಮಂದಿ ಕೂಗುತ್ತಾರೆ. ಉಸಿರು ಮರಳಿದವನು ಮಾನ ಉಳಿಸಿಕೊಂಡು ಮತ್ತೆ ಸೆಣಸುತ್ತಾನೆ. ಸ್ವಾತಂತ್ರ್ಯ ಬಂದ ವರ್ಷ ಸಿರುಗುಪ್ಪದಲ್ಲಿ ಕೆಳಗೆ ಸಿಕ್ಕವನು ಅವನ ಮಗ ಗಾದೆಪ್ಪ. ಬೆರಳು ಸಡಿಲವಾದವು. “ಮಗ ಅಂತ ಬಿಡಸ್ತಾನ, ನೋಡ್ತಿರ್ರಿ!” ಎಂದು ಯಾರೋ ಕೂಗಿದರು. ಎರ್ರೆಪ್ಪ ತುಟಿಗೆ ತಂದ ಸೀಟಿಯನ್ನು ಊದಲಿಲ್ಲ. ಗಾದೆಪ್ಪ ಆ ಮಣ್ಣಿನಿಂದ ಏಳಲಿಲ್ಲ. ಅಂದಿನಿಂದ ಹಿರಿಯರು ಹೊಸ ಪಂಚರಿಗೆಲ್ಲ ಅವನನ್ನೇ ತೋರಿಸಿ, “ಪಕ್ಷಪಾತ ಇಲ್ಲದ ಮನುಷ್ಯಾ ಅಂದ್ರ ಇವ ನೋಡ್ರಿ” ಎನ್ನುತ್ತಾರೆ. ಎರ್ರೆಪ್ಪ ಕೈಮುಗಿದು ನಿಂತು, ಅಷ್ಟನ್ನೂ ಕೇಳಿಸಿಕೊಳ್ಳುತ್ತಾನೆ.