ಬಿಳಿ ಕಣವೂ ನಮ್ಮ ಮೋತ್ಯಾನೂ

ಸ್ನೇಹಿತರೇ, ಬೆಳಿಗ್ಗೆ ಕಾಗವಾಡದ ನಮ್ಮ ದ್ರಾಕ್ಷಿ ತೋಟದಲ್ಲಿ ಮಗಳಿಗೆ ವಿಜ್ಞಾನ ಹೇಳಿಕೊಡುತ್ತಿದ್ದೆ. “ರಕ್ತದಾಗಿನ ಬಿಳಿ ಕಣ ಅಂದ್ರ ನಮ್ಮ ನಾಯಿ ಮೋತ್ಯಾ ಇದ್ದಂಗ. ನಮ್ಮವರನ್ನ ಬಿಡ್ತಾವ, ಹೊರಗಿನವರನ್ನ ಹಿಡೀತಾವ” ಎಂದೆ.

ಪಾಠ ಮುಗಿಸಿ, ಬಳ್ಳಿಗೆ ಔಷಧ ಹೊಡೆಯಲು ರೇನ್‌ಕೋಟು, ಮಾಸ್ಕು ತೊಟ್ಟು ಬಂದೆ. ಮೋತ್ಯಾ ನನ್ನ ಪ್ಯಾಂಟನ್ನೇ ಹಿಡಿಯಿತು. ಪಕ್ಕದ ತೋಟದ ಅಣ್ಣಾಸಾಬ ಜೋಳದ ಭಕ್ರಿ ಚೂರು ಎಸೆದು, “ಬಿಡಲೇ ಮೋತ್ಯಾ, ಅಂವ ನಿನ್ನ ಮಾಲಕ ಅದಾನ” ಎಂದು ಬಿಡಿಸಿದ. ಹೋಗುವಾಗ ನಮ್ಮ ಬದುವಿನ ನುಗ್ಗೆಕಾಯಿ ಕೇಳದೆಯೇ ಕಿತ್ತುಕೊಂಡ. ಮೋತ್ಯಾ ಬಾಲ ಅಲ್ಲಾಡಿಸಿತು.

“ಅಪ್ಪಾ, ಪುಸ್ತಕದಾಗ ಇದೂ ಐತಿ” ಎಂದಳು ಮಗಳು. “ಬಿಳಿ ಕಣ ಒಮ್ಮೊಮ್ಮೆ ನಮ್ಮ ಮೈಯನ್ನ ಕಡೀತಾವ, ರೋಗದ ಹುಳಾನ ನಮ್ಮವರ ಅಂತ ಒಳಗ ಬಿಡ್ತಾವ.”

ಮಧ್ಯಾಹ್ನ ಅಣ್ಣಾಸಾಬನ ಮನೆಯಿಂದ ಅದೇ ನುಗ್ಗೆಕಾಯಿಯ ಆಮಟಿ, ಬೇಳೆ ಸಾರು, ಬಂತು. ಮತ್ತೆ ಮತ್ತೆ ಹಾಕಿಸಿಕೊಂಡೆ. ನನಗೆ ಬಾಲವಿಲ್ಲ, ಅಷ್ಟೇ.