ಎಡೆಗೆ ಇಟ್ಟ ಹದಿನಾರು ಇಂಚಿನ ಸೈಕಲ್

ನನ್ನ ತಂಗಿ ವಿದ್ಯಾಶ್ರೀ ಹುಟ್ಟಿದಾಗಿನಿಂದ ಯಾವುದಕ್ಕೂ ಹಟ ಮಾಡಿದವಳಲ್ಲ. ಕೊಟ್ಟಿದ್ದು ಉಟ್ಟಳು, ಬಡಿಸಿದ್ದು ಉಂಡಳು, ತೋರಿಸಿದ ಗಂಡಿಗೆ ತಲೆಯಾಡಿಸಿದಳು. ಅಂಥವಳು ಗಂಡ ಸತ್ತ ಮೇಲೆ ಒಂದು ಸೈಕಲ್ಲಿಗೆ ಹಟ ಹಿಡಿದು ನನ್ನ ಜೀವ ಹಿಂಡಿದಳು ನೋಡಿ!

ಗಂಡ ಶಿವರಾಜ ಭದ್ರಾವತೀಲಿ ಒಂದು ಔಷಧಿ ಅಂಗಡೀಲಿದ್ದ. ಇವಳು ಅದೇ ಊರಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಹೇಳಿಕೊಡ್ತಾಳೆ. ರವೀಂದ್ರನಗರದ ಮನೆಯಿಂದ ಬಸ್‌ಸ್ಟ್ಯಾಂಡಿಗೆ ಇಬ್ಬರೂ ತಮ್ಮ ತಮ್ಮ ಮಡಚೋ ಸೈಕಲ್ಲಲ್ಲಿ ಹೋಗಿ, ಅಲ್ಲಿ ಅದನ್ನ ಮಡಚಿ ಬಸ್ಸಿಗೆ ಹಾಕಿ, ಭದ್ರಾವತೀಲಿ ಇಳಿದು ಬಿಚ್ಚಿ ಮತ್ತೆ ತುಳೀತಿದ್ರು. ಅವನದು ಹದಿನಾರು ಇಂಚಿನ ಚಕ್ರ, ಇವಳದು ಇಪ್ಪತ್ತು. ಮನೆಗೆ ಯಾರೇ ಬರಲಿ, ನಾನೇ ಹೋಗಲಿ, ಅವನ ಪುರಾಣ ಶುರು. "ಸಣ್ಣದು ಸೀಟಿನ ಕೆಳಗೆ ತೂರುತ್ತೆ ಕಾಳಕ್ಕ, ಕಂಡಕ್ಟರ್ ತುಟಿ ಪಿಟಕ್ ಅನ್ನಲ್ಲ. ದೊಡ್ಡದು ಮಡಚಿದ್ರೂ ಎಮ್ಮೆಕರು ಮಲಗಿದಷ್ಟು ಜಾಗ ಬೇಕು, ದಿನಾ ಜಗಳ. ಆದ್ರೆ ರಸ್ತೇಲಿ ದೊಡ್ಡ ಚಕ್ರಾನೇ ವಾಸಿ. ಹಳ್ಳ ಬಂದ್ರೆ ದಾಟಿಕೊಂಡು ಹೋಗುತ್ತೆ. ಸಣ್ಣದು ಒಳಗಿಳಿದು ಕ್ಷೇಮ ಸಮಾಚಾರ ವಿಚಾರಿಸುತ್ತೆ!" ಅಂತ ತಾನೇ ನಗೋನು. ಅದಕ್ಕೇ ದೊಡ್ಡದನ್ನ ಹೆಂಡ್ತಿಗೆ ಕೊಟ್ಟಿದ್ದ.

ಹೋದ ವರ್ಷ ಭದ್ರಾವತಿ ಸೇತುವೆ ಹತ್ರ ಅವನ ಸಣ್ಣ ಚಕ್ರ ರಸ್ತೆ ಹಳ್ಳಕ್ಕೆ ಇಳೀತು. ಹಿಂದೆ ಲಾರಿ ಇತ್ತು. ಅವನು ಅಲ್ಲೇ ಹೋದ. ಸೈಕಲ್ಲಿಗೆ ಒಂದು ಗೀರೂ ಆಗಿರಲಿಲ್ಲ.

ನಾನೂ ಗಂಡ ಇಲ್ಲದವಳು, ಮಕ್ಕಳೂ ಇಲ್ಲ. ಆಯನೂರಿನ ಮನೆಗೆ ಬೀಗ ಹಾಕಿ ತಂಗಿ ಜೊತೆ ಇರೋಕೆ ಬಂದೆ. ಬಂದು ನೋಡಿದ್ರೆ ಇವಳು ತನ್ನ ದೊಡ್ಡ ಸೈಕಲ್ಲನ್ನ ಮೂಲೆಗೆ ನಿಲ್ಲಿಸಿ ಅವನದನ್ನೇ ತಗೊಂಡು ಹೋಗ್ತಿದ್ದಾಳೆ!

"ಥೂ, ಯಮನ ಕೋಣ ಕಣೆ ಅದು! ನಿಂದೇ ಇಲ್ವಾ?" ಅಂದೆ.

"ನಂದರಲ್ಲಿ ಹೋದ್ರೆ ಒಬ್ಬಳೇ ಅನ್ಸುತ್ತೆ ಅಕ್ಕ. ಇದರಲ್ಲಿ ಹೋದ್ರೆ, ಆ ಸೇತುವೆ ಹತ್ರ ಅವರು ಹಿಂದಿನಿಂದ ಹಿಡ್ಕೋತಾರೆ."

ಹೇಳುವಾಗ ಅವಳ ಮುಖದಲ್ಲಿ ದುಃಖ ಇರಲಿಲ್ಲ, ಅದೇ ನನಗೆ ಹೆದರಿಕೆ ಆಗಿದ್ದು. ಊಟ ಬಿಟ್ಟಿದ್ದಳು, ಕೊರಳ ಮೂಳೆ ಎದ್ದಿತ್ತು. ಅವನು ಇವಳನ್ನ ಕರ್ಕೊಂಡು ಹೋಗ್ತಾನೆ ಅಂತ ನನಗೆ ಖಾತ್ರಿ ಆಯ್ತು. ನನಗೆ ಅಂತ ಭೂಮಿ ಮೇಲೆ ಉಳಿದಿರೋಳು ಇವಳೊಬ್ಬಳೇ.

ಪಿತೃಪಕ್ಷದ ಅಮಾವಾಸ್ಯೆ ಬಂತು. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಫೋಟೋ ಮುಂದೆ ಎಡೆ ಇಟ್ಟು, ಬಾಗಿಲು ಹಾಕಿ ಹೊರಗೆ ಕೂರೋದು ನಮ್ಮಲ್ಲಿ ಪದ್ಧತಿ. ಬಂದು ಉಂಡು ಹೋಗಲಿ ಅಂತ. ನಾನು ಒಂದು ಉಪಾಯ ಮಾಡಿದೆ. ಕಡುಬು, ವಡೆ, ಹೊಸ ಪಂಚೆ ಜೊತೆಗೆ ಅವನ ಸೈಕಲ್ಲನ್ನೂ ಇಟ್ಟೆ. ನಾನೇ ಮಡಚಿದೆ, ಸೀಟನ್ನ ಪೂರ್ತಿ ಕೆಳಗಿಳಿಸಿ ಬಿಗಿ ಮಾಡಿದೆ. "ನಿನ್ನದು ನೀನು ತಗೋ ಮಾರಾಯ, ಅವಳನ್ನ ಬಿಡು" ಅಂತ ಮನಸ್ಸಲ್ಲೇ ಹೇಳಿ ಬಾಗಿಲು ಎಳೆದೆ. ಇಬ್ಬರೂ ಬಾಗಿಲ ಮುಂದೇ ಕೂತ್ವಿ.

ಸ್ವಲ್ಪ ಹೊತ್ತಾದ ಮೇಲೆ ಬಾಗಿಲು ತಟ್ಟಿ ತೆಗೆದ್ವಿ. ಎಡೆ ಇಟ್ಟ ಹಾಗೇ ಇತ್ತು. ಸೈಕಲ್ ಬಿಚ್ಚಿಕೊಂಡು ನಿಂತಿತ್ತು. ಸೀಟು ಮೇಲೆದ್ದಿತ್ತು.

ವಿದ್ಯಾಶ್ರೀ ಮೆಲ್ಲಗೆ ಹೋಗಿ ಪಕ್ಕದಲ್ಲಿ ನಿಂತಳು. ಸೀಟು ಸೊಂಟದ ಮೂಳೆಗೆ ಬಂದ್ರೆ ಅದು ಸರಿಯಾದ ಎತ್ತರ ಅಂತ ಶಿವರಾಜ ಎಲ್ಲರಿಗೂ ಹೇಳಿಕೊಡ್ತಿದ್ದ. ಅವಳ ಸೊಂಟಕ್ಕೆ ಕೂದಲೆಳೆ ವ್ಯತ್ಯಾಸ ಇಲ್ಲದೆ ಬಂತು. ವರ್ಷದಲ್ಲಿ ಮೊದಲನೇ ಸಲ ನಕ್ಕಳು.

"ಎಡೆಗಿಟ್ಟಿದ್ದನ್ನ ಆಮೇಲೆ ಮನೆಯವರೇ ತಗೋಬೇಕಲ್ವಾ ಅಕ್ಕ?"

ಅಯ್ಯೋ ನನ್ನ ಬುದ್ಧಿಗಿಷ್ಟು! ಹೌದು, ಅದೇ ಪದ್ಧತಿ. ಎಡೆಯ ವಡೆ ನಾವೇ ತಿನ್ನೋದು, ಪಂಚೆ ನಮ್ಮವರೇ ಉಡೋದು. ಅವನಿಗೆ ಕೊಟ್ಟು ಕಳಿಸೋಕೆ ಹೋಗಿ, ಅವನ ಕೈಯಿಂದಲೇ ಅವಳಿಗೆ ಕೊಡಿಸಿದ್ದೆ.

ಅವಳು ಅಕ್ಕಪಕ್ಕದವರಿಗೆ ಕಡುಬು ಕೊಡೋಕೆ ಹೋದಾಗ ನಾನು ಫೋಟೋ ಮುಂದೆ ಕೂತು ಬಾಯಿಗೆ ಬಂದ ಹಾಗೆ ಬೈದೆ. "ದೊಡ್ಡ ಚಕ್ರ ಕೊಟ್ಟು ಕಾಪಾಡಿದವನು ನೀನೇ ಅಲ್ವೇನೋ? ಈಗೇನು ಬಂತು ನಿನಗೆ ರೋಗ?" ಬೈದು ಬೈದು ಸಾಕಾಗಿ ಅಳು ಬಂತು. "ಒಬ್ಬನೇ ಇರೋಕಾಗಲ್ವಾ? ನನ್ನ ಕರ್ಕೊ ಹಾಗಾದ್ರೆ. ಅವಳಿಗಿನ್ನೂ ವಯಸ್ಸಿದೆ" ಅಂದೆ. ಆ ಮಾತು ನಿಜವಾಗ್ಲೂ ಹೊಟ್ಟೆಯೊಳಗಿಂದ ಬಂದಿದ್ದು.

ಮರುದಿನ ಬೆಳಿಗ್ಗೆ ತಂಗಿ ಸ್ನಾನಕ್ಕೆ ಹೋದಾಗ ಎಡೆ ಇಟ್ಟಿದ್ದ ಕೋಣೆಗೆ ಹೋದೆ. ಸೀಟು ಸ್ವಲ್ಪ ಕೆಳಗಿಳಿದಿತ್ತು. ನಾನು ಅವಳಿಗಿಂತ ಕುಳ್ಳಿ. ಹೋಗಿ ಪಕ್ಕದಲ್ಲಿ ನಿಂತೆ. ನನ್ನ ಸೊಂಟಕ್ಕೆ ಸರಿಯಾಗಿ ಬಂತು.

ತಂಗಿ ತಲೆ ಒರೆಸಿಕೊಳ್ತಾ ಬಂದು ಹ್ಯಾಂಡಲ್ಲಿಗೆ ಕೈ ಹಾಕಿದಳು. "ಮುಟ್ಟಬೇಡ" ಅಂದೆ. "ನಿಂದನ್ನ ತಗೊಂಡು ಹೋಗು. ಇದು ನಂದು."

"ನಿಂಗೆ ಸೈಕಲ್ಲೇ ಬರಲ್ವಲ್ಲ ಅಕ್ಕ."

"ಕಲಿಸೋರು ಕಲಿಸ್ತಾರೆ ಬಿಡೆ."

ನನ್ನ ಸೊಂಟಾನೂ ಸೀಟನ್ನೂ ನೋಡಿದಳು. ಮುಖ ಬಿಳುಚಿಕೊಳ್ತು. ಎರಡು ಇಡ್ಲಿ ತಿಂದಳು, ಇನ್ನೊಂದು ಹಾಕಿಸಿಕೊಂಡಳು, ದೊಡ್ಡ ಸೈಕಲ್ಲಿನ ಧೂಳು ಒರೆಸಿಕೊಂಡು ಹೊರಟಳು. ತಿರುವು ದಾಟೋವರೆಗೂ ಗೇಟಲ್ಲಿ ನಿಂತು ನೋಡಿದೆ. ನನ್ನ ತಂಗಿ ಉಳಿದಳು.

ಒಳಗೆ ಸೈಕಲ್ ಬೆಲ್ ಟ್ರಿಣ್ ಅಂತು.

"ತಡಿಯೋ ಮಾರಾಯ," ಅಂದೆ, "ಒಲೆ ಮೇಲೆ ಹಾಲಿದೆ, ಇಳಿಸಿ ಬರ್ತೀನಿ."